ಆರಾಮ ಯಾರಿಗ್ರಿ?

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಹಳೆಯ ಬಂಗಲೆಗಳು ಒಂದೊಂದಾಗಿ ಬಿದ್ದು ಅಪಾರ್ಟ್‌ಮೆಂಟುಗಳು ಏಳುತ್ತಿವೆ. ಪಡಸಾಲಿ ಹೋಗಿ ‘ಹಾಲ್’ ಬಂದಿದೆ. ಹಾಲ್ ಅಂದಮೇಲೆ ಅದಕ್ಕೊಂದು ಸೋಫಾ ಬೇಕೇ ಬೇಕು. ಅದೂ ಮೂರು ಜನರದ್ದೊಂದು, ಒಬ್ಬೊಬ್ಬರದ್ದೆರಡು ಎಂಬ ಹಳೆಯ ಲೆಕ್ಕದ ಸೆಟ್ ಈಗ ನಡೆಯುವುದಿಲ್ಲ. ಎಲ್ ಆಕಾರದ್ದು ಬೇಕು, ತುಂಡು ತುಂಡಾಗಿ ಬಿಡಿಸಿ ಬೇಕಾದ ಹಾಗೆ ಜೋಡಿಸುವಂಥದ್ದು ಬೇಕು, ಕಾಲು ಚಾಚಿ ಅರೆ ಮಲಗಲು ಬರಬೇಕು. ಅದರ ಹೆಸರು ಮಾಡ್ಯುಲರ್ ಲೌಂಜ್ ಸೋಫಾ. ದಸರಾ, ದೀಪಾವಳಿ ಹತ್ತಿರ ಬಂತೆಂದರೆ ಪೇಪರಿನ ಮೊದಲ ಪುಟದಲ್ಲೂ ಫೋನಿನಲ್ಲೂ ಅದರದ್ದೇ ಚಿತ್ರ. ಚಿತ್ರದ ಕೆಳಗೆ ಕಂತಿನ ಲೆಕ್ಕ, ಮೇಲೆ ಒಂದು ಸಾಲು: ‘ಕಂಫರ್ಟ್‌ಗೆಂದೇ ಮಾಡಿದ್ದು’.

ನನ್ನ ಜಗಳ ಆ ಒಂದು ಶಬ್ದದ ಜೊತೆ. ಯಾಕೆಂದರೆ ಆ ಶಬ್ದಕ್ಕೆ ನಮ್ಮೂರಲ್ಲಿ ಬೇರೆಯದೇ ಒಂದು ಹೆಸರಿದೆ. ಹುಬ್ಬಳ್ಳಿ-ಧಾರವಾಡದ ಕಡೆ ಇಬ್ಬರು ಎದುರಾದರೆ ಮೊದಲ ಮಾತೇ ‘ಆರಾಮ ಅದೀರೇನ್ರಿ?’ ಬೆಂಗಳೂರಿನವರು ‘ಚೆನ್ನಾಗಿದ್ದೀರಾ’ ಅನ್ನುವ ಜಾಗದಲ್ಲಿ ನಾವು ‘ಆರಾಮ’ ಇಡುತ್ತೇವೆ. ಜ್ವರ ಬಂದರೆ ‘ಆರಾಮ ಇಲ್ಲ’. ಗುಣವಾದರೆ ‘ಆರಾಮ ಆತು’. ಮಗಳ ಸಂಸಾರ ನೆಟ್ಟಗೆ ನಡೆದಿದ್ದರೆ ‘ಆರಾಮ ಅದಾಳ’. ಫಾರ್ಸಿಯಿಂದ ಬಂದು ನಮ್ಮದೇ ಆಗಿಹೋದ ಈ ಶಬ್ದದೊಳಗೆ ಮೈ, ಮನಸ್ಸು, ಮನೆ, ಸಾಲ, ಮಳೆ ಎಲ್ಲವೂ ಸೇರಿಕೊಂಡಿವೆ. ಅಂಗಡಿಯವರು ಇಷ್ಟು ದೊಡ್ಡ ಶಬ್ದವನ್ನು ಫೋಮಿನ ದಪ್ಪಕ್ಕೆ ಇಳಿಸಿದರು. ನಾವು ತಕರಾರಿಲ್ಲದೆ ಒಪ್ಪಿಕೊಂಡೆವು.

ನನ್ನ ವಾದ ಇಷ್ಟು. ಕೂಡಲು ಯಾರಿಗೆ ಅಪ್ಪಣೆ ಇದೆ, ಕೂಡಲು ಯಾರಿಗೆ ಹೊತ್ತಿದೆ, ಕೂತವರನ್ನು ಯಾರು ಎಬ್ಬಿಸಬಹುದು ಎಂಬ ಮೂರು ಪ್ರಶ್ನೆಗಳಲ್ಲಿ ಆರಾಮ ಅಡಗಿದೆ. ಆ ಮೂರಕ್ಕೂ ಉತ್ತರ ಬದಲಾಗದೆ ಎಂಥ ಸೋಫಾ ತಂದರೂ ಆ ಮನೆಗೆ, ಆ ಊರಿಗೆ ಆರಾಮ ಬಂದಂತಲ್ಲ. ‘ಇವಳಿಗೆ ಕೊಳ್ಳಲು ದುಡ್ಡಿಲ್ಲ, ಅದಕ್ಕೆ ಹೊಟ್ಟೆಕಿಚ್ಚು’ ಅನ್ನುವವರು ಈಗಲೇ ಅಂದುಬಿಡಿ. ದುಡ್ಡಿಲ್ಲ ಅನ್ನುವುದು ನಿಜ. ಸಂಶೋಧನಾ ವಿದ್ಯಾರ್ಥಿನಿಯ ಫೆಲೋಶಿಪ್ಪಿನಲ್ಲಿ ಸೋಫಾ ಬರುವುದಿಲ್ಲ. ಆದರೆ ದಿನಕ್ಕೆ ಎಂಟು ತಾಸು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಪ್ರಬಂಧ ಬರೆಯುವ ನನ್ನ ಬೆನ್ನಿಗೆ ಮೆತ್ತನೆಯ ಆಸನದ ಬೆಲೆ ಏನೆಂದು ಚೆನ್ನಾಗಿ ಗೊತ್ತು. ನಾನು ಸೋಫಾದ ವೈರಿಯಲ್ಲ. ಅದರ ಹೆಸರಿನಲ್ಲಿ ನಡೆದಿರುವ ಸುಳ್ಳಿನ ವೈರಿ.

ಮೊದಲು ಆ ವಸ್ತುವನ್ನೇ ನೋಡೋಣ. ಬಿಡಿಸಿ ಜೋಡಿಸುವ ಸೋಫಾ ನಿನ್ನೆ ಮೊನ್ನೆಯದಲ್ಲ. ಅಮೆರಿಕದ ಹಾರ್ವೆ ಪ್ರೋಬರ್ 1940ರ ದಶಕದಲ್ಲೇ ಅಂಥ ಆಸನಗಳನ್ನು ಮಾಡಿದ್ದ. 1970ರಲ್ಲಿ ಇಟಲಿಯ ಮಾರಿಯೋ ಬೆಲ್ಲಿನಿ ‘ಕಮಲಿಯೋಂದಾ’ ಎಂಬ ಸೋಫಾ ಮಾಡಿದ. ಊಸರವಳ್ಳಿ ಮತ್ತು ಅಲೆ ಎಂಬ ಅರ್ಥದ ಎರಡು ಇಟಾಲಿಯನ್ ಶಬ್ದ ಕೂಡಿಸಿ ಇಟ್ಟ ಹೆಸರು ಅದು. ಆಸನ, ಬೆನ್ನು, ಕೈ ಎಲ್ಲವೂ ಬೇರೆ ಬೇರೆ. ಕೊಂಡಿ, ಉಂಗುರ, ತಂತಿಗಳಿಂದ ಮನೆಯವರೇ ಅವನ್ನು ಹೆಣೆದುಕೊಳ್ಳಬೇಕು. ಇಂದು ಉದ್ದಕ್ಕೆ, ನಾಳೆ ದುಂಡಗೆ, ನಾಡಿದ್ದು ಹಾಸಿಗೆ. ಮನೆಯಲ್ಲಿ ಯಾರು ಎಲ್ಲಿ ಹೇಗೆ ಕೂಡಬೇಕೆಂದು ಅಂಗಡಿಯವನಾಗಲಿ ಮನೆಯ ಯಜಮಾನನಾಗಲಿ ಒಮ್ಮೆಗೇ ತೀರ್ಮಾನ ಮಾಡಬಾರದು, ಕೂಡುವವರೇ ದಿನದಿನವೂ ಮಾಡಲಿ ಎಂಬ ಹಟ ಆ ಕೊಂಡಿಗಳಲ್ಲಿತ್ತು. 1972ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಇಟಲಿಯ ಗೃಹವಸ್ತುಗಳ ದೊಡ್ಡ ಪ್ರದರ್ಶನ ನಡೆದಾಗ ಅದೂ ಅಲ್ಲಿತ್ತು. ಸಮಾಜ ಇದ್ದ ಹಾಗೇ ಇರುವಾಗ ಬರೀ ಸಾಮಾನು ಬದಲಿಸಿ ಏನು ಬಂತು ಎಂದು ಕೇಳಿದ ವಿನ್ಯಾಸಕಾರರೂ ಅದೇ ಪ್ರದರ್ಶನದಲ್ಲಿದ್ದರು. ಐವತ್ತು ವರ್ಷದ ಮೇಲೆ ಆ ಪ್ರಶ್ನೆ ನೇರ ನಮ್ಮ ಹಾಲಿಗೇ ಬಂದು ನಿಂತಿದೆ.

ವಿದ್ಯಾನಗರದ ಮನೆಗಳಲ್ಲಿ ಆ ತುಂಡುಗಳನ್ನು ಯಾರಾದರೂ ಅಲುಗಾಡಿಸಿದ್ದನ್ನು ನಾನಂತೂ ಕಂಡಿಲ್ಲ. ಮನೆಗೆ ತಂದಿಳಿಸಿದ ದಿನ ಅಂಗಡಿಯ ಹುಡುಗರು ಕ್ಲಿಪ್ ಹಾಕಿ ಗೋಡೆಗೆ ಒತ್ತಿ ಇಟ್ಟು ಹೋಗುತ್ತಾರೆ. ಅಲ್ಲಿಂದ ಮುಂದೆ ಅದು ಕಟ್ಟೆ ಕಟ್ಟಿದಷ್ಟೇ ಗಟ್ಟಿ. ಎಲ್ಲ ತುಂಡುಗಳ ಮುಖ ಟಿವಿಯ ಕಡೆ. ಕಾಲು ಚಾಚುವ ಉದ್ದನೆಯ ಮೂಲೆ ಮನೆಯ ಹಿರಿಯ ಗಂಡಸಿಗೆ. ಅವರಿಲ್ಲದಾಗ ಮಗನಿಗೆ. ಸೋಫಾದ ಮೈಮೇಲೆ ಒಂದು ಚಾದರ, ಚಾದರ ಜಾರದಂತೆ ಸಂದಿಗೆ ತುರುಕಿದ ಪೇಪರಿನ ಸುರುಳಿ. ಲಕ್ಷ ರೂಪಾಯಿಯ ಬಟ್ಟೆ ಹಾಳಾಗಬಾರದೆಂದು ಇನ್ನೂರು ರೂಪಾಯಿಯ ಚಾದರದ ಮೇಲೆ ಕೂಡುತ್ತೇವೆ. ನೆಂಟರು ಬಂದ ದಿನ ಚಾದರ ತೆಗೆಯುತ್ತಾರೆ. ಅಂದರೆ ಆ ಬಟ್ಟೆಯ ಸುಖ ಆ ಮನೆಯವರಿಗೆ ದಕ್ಕುವುದೇ ಇಲ್ಲ. ಬೇರೆಯವರ ಕಣ್ಣಿಗೆಂದು ಕೊಂಡದ್ದಕ್ಕೆ ನಾವು ಕಂಫರ್ಟ್ ಎಂದು ಹೆಸರಿಟ್ಟು ಕಂತು ಕಟ್ಟುತ್ತಿದ್ದೇವೆ.

ಅಳತೆಯ ಮಾತೂ ಇದೆ. ಲೌಂಜ್ ಸೋಫಾ ತಗ್ಗು, ಆಳ. ಒಬ್ಬರ ಸೊಂಟದ ಹಿಂಬದಿಯಿಂದ ಮೊಣಕಾಲಿನ ಹಿಂದಿನವರೆಗೆ ಎಷ್ಟು ಉದ್ದವೋ ಅದಕ್ಕಿಂತ ಆಸನ ಆಳವಾಗಿದ್ದರೆ ಅವರಿಗೆ ಎರಡೇ ದಾರಿ. ಬೆನ್ನು ಊರಿದರೆ ಕಾಲು ನೆಲಕ್ಕೆ ಮುಟ್ಟದೆ ತೂಗುತ್ತವೆ. ಕಾಲು ಊರಿದರೆ ಬೆನ್ನಿಗೆ ಆಸರೆ ಇರುವುದಿಲ್ಲ. ಐದು ಅಡಿಯೂ ಇಲ್ಲದ, ಮೊಣಕಾಲು ನೋಯುವ, ಇಳಕಲ್ ಸೀರೆ ಉಟ್ಟ ಅಜ್ಜಿಯೊಬ್ಬರನ್ನು ಅದರಲ್ಲಿ ಕೂಡಿಸಿ ನೋಡಿ. ಏಳಬೇಕಾದರೆ ಇಬ್ಬರು ಕೈ ಹಿಡಿಯಬೇಕು. ನಮ್ಮ ದೇಶದವರ ಮೈ ಅಳತೆ ಯಾರಿಗೂ ಗೊತ್ತಿಲ್ಲ ಅನ್ನುವ ಹಾಗಿಲ್ಲ. ದೇಬಕುಮಾರ್ ಚಕ್ರವರ್ತಿ ಅವರು ಭಾರತೀಯ ಹೆಣ್ಣು ಗಂಡುಗಳ ಅಳತೆಗಳ ಪುಸ್ತಕವನ್ನು 1997ರಲ್ಲೇ ಹೊರತಂದಿದ್ದಾರೆ. ಅದನ್ನು ಪ್ರಕಟಿಸಿದ್ದು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ. ಅಳತೆ ಇದೆ. ಆದರೆ ಸೋಫಾ ಕೊಳ್ಳುವಾಗ ಗೋಡೆಯ ಅಳತೆ ಒಯ್ಯುವ ನಾವು ಅಜ್ಜಿಯ ಅಳತೆ ಒಯ್ಯುವುದಿಲ್ಲ.

ಇನ್ನು ಹೊತ್ತಿನ ಮಾತು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ ಈ ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಣ್ಣೊಬ್ಬಳು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾಳೆ. ಆ ಕೆಲಸಕ್ಕೆ ಕೈ ಹಚ್ಚುವ ಗಂಡಸು ಕೊಡುವುದು 88 ನಿಮಿಷ. ನಡುವಿನ ಅಂತರ ಮೂರು ತಾಸು ಇಪ್ಪತ್ತೊಂದು ನಿಮಿಷ. ಆ ಮೂರು ತಾಸು ಎಲ್ಲಿ ಹೋಯಿತೆಂದು ಹುಡುಕಬೇಕಾಗಿಲ್ಲ. ಹಾಲಿಗೆ ಹೋಗಿ, ಕಾಲು ಚಾಚುವ ಮೂಲೆಯಲ್ಲಿ ಯಾರಿದ್ದಾರೆ ನೋಡಿದರೆ ಸಾಕು. ಅಡುಗೆಮನೆಯೂ ಈಗ ಮಾಡ್ಯುಲರ್. ಒಲೆ, ತೊಟ್ಟಿ, ಕಟ್ಟೆ ಎಲ್ಲ ನಿಂತು ಮಾಡುವ ಎತ್ತರಕ್ಕಿವೆ. ಹಿಂದೆ ಕೂತು ರೊಟ್ಟಿ ಬಡಿಯುತ್ತಿದ್ದ ಹೆಣ್ಣುಮಕ್ಕಳು ಈಗ ನಿಂತು ಬಡಿಯುತ್ತಾರೆ. ನೆಲದ ಹೊಗೆಯಿಂದ ಮೇಲೆದ್ದದ್ದು ಒಳ್ಳೆಯದೇ ಆಯಿತು. ಆದರೆ ಒಂದೇ ಮನೆಯ ಒಂದು ಮಾಡ್ಯುಲರ್ ಮಲಗಿಸಲು, ಇನ್ನೊಂದು ನಿಲ್ಲಿಸಲು. ಲಕ್ಷಾಂತರ ಸುರಿದು ಮಾಡಿಸಿದ ಆ ಅಡುಗೆಮನೆಯಲ್ಲಿ ಒಂದು ಎತ್ತರದ ಸ್ಟೂಲಿಗೆ ಜಾಗ ಬಿಟ್ಟವರು ಎಷ್ಟು ಜನ?

ನಾನು ಬಾಡಿಗೆಗಿರುವ ಮನೆಯ ಕಾಕು ಒಮ್ಮೆ ಹೇಳಿದರು: ‘ಸೋಫಾ ಬಂದು ಎರಡ ವರ್ಷ ಆತವಾ. ನಾ ಅದರ ಮ್ಯಾಲೆ ಕುಂತಿದ್ದಕ್ಕಿಂತ ಅದರ ಧೂಳ ಹೊಡದಿದ್ದ ಜಾಸ್ತಿ.’ ಅವರೇ ಪೂರ್ತಿ ಧೂಳು ಹೊಡೆಯುವುದಿಲ್ಲ. ಅದಕ್ಕೆ ಕೆಲಸದ ಅಕ್ಕ ಬರುತ್ತಾರೆ. ಆ ಅಕ್ಕ ವಾರಕ್ಕೊಮ್ಮೆ ಎಲ್ಲ ಮೆತ್ತೆ ಎತ್ತಿ, ಬಡಿದು, ಸಂದಿಯ ಚುರುಮುರಿ ತೆಗೆದು ಮತ್ತೆ ಜೋಡಿಸುತ್ತಾರೆ. ಯೋಚಿಸಿ ನೋಡಿದರೆ ಆ ಮನೆಯಲ್ಲಿ ಆ ಸೋಫಾವನ್ನು ಮಾಡ್ಯುಲರ್ ಆಗಿ ಬಳಸುವವರು ಅವರೊಬ್ಬರೇ. ಕೆಲಸ ಮುಗಿದ ಮೇಲೆ ಕಾಕು ಕೊಟ್ಟ ಚಹಾ ಹಿಡಿದು ಅದೇ ಸೋಫಾದ ಬುಡದಲ್ಲಿ, ನೆಲದ ಮೇಲೆ ಕೂಡುತ್ತಾರೆ. ‘ಯಕ್ಕಾ, ಮ್ಯಾಲೆ ಕೂಡಬಾರದ?’ ಅಂದೆ. ‘ಬ್ಯಾಡ ಬಿಡವಾ, ಅಲ್ಲಿ ಕುಂತ್ರ ಏಳಾಕ ಆಗೂದಿಲ್ಲ’ ಎಂದು ನಕ್ಕರು. ಮೊಣಕಾಲಿನ ಮಾತಾಡಿದರೋ ಇನ್ನೊಂದರ ಮಾತಾಡಿದರೋ, ನಾನು ಮತ್ತೆ ಕೇಳಲಿಲ್ಲ. ಕಾಕು ಕೆಟ್ಟವರಲ್ಲ. ‘ಕೂಡಬ್ಯಾಡ’ ಅಂತ ಅವರು ಎಂದೂ ಅಂದಿಲ್ಲ. ‘ಕೂಡು’ ಅಂತಲೂ ಅಂದಿಲ್ಲ. ಬಾಗಿಲಿಗೆ ಯಾರೇ ಬಂದರೂ ‘ಬರ್ರಿ, ಕೂಡ್ರಿ’ ಎನ್ನುವುದು ನಮ್ಮ ಕಡೆಯ ದೊಡ್ಡ ಹೆಮ್ಮೆ. ಆ ಮಾತು ಕೇಳಿಸಿಕೊಳ್ಳದೆ ದಿನಾ ಒಳಗೆ ಬಂದು ಹೋಗುವ ಒಬ್ಬರು ಪ್ರತಿ ಮನೆಯಲ್ಲೂ ಇದ್ದಾರೆ.

ಇಷ್ಟು ಹೇಳಿದ ಕೂಡಲೇ ಇನ್ನೊಂದು ಬದಿಯಿಂದ ಚಪ್ಪಾಳೆ ಬೀಳುತ್ತದೆ. ‘ಅದಕ್ಕೇ ನೋಡ್ರಿ, ನೆಲದ ಮೇಲೆ ಕೂಡುವುದೇ ನಮ್ಮ ಸಂಸ್ಕೃತಿ. ಸೋಫಾ ಬಂದು ಎಲ್ಲಾ ಕೆಟ್ಟಿತು. ಚಕ್ಕಳಮಕ್ಕಳ ಹಾಕಿ ಕೂತರೆ ಮಂಡಿ ನೋವು ಬರುವುದಿಲ್ಲ.’ ದಿನಾ ಬೆಳಗ್ಗೆ ವಾಟ್ಸಪ್ಪಿನಲ್ಲಿ ಬರುವ ಈ ಉಪದೇಶವನ್ನು ಕಳಿಸುವವರು ಬಹುತೇಕ ಸೋಫಾದ ಮೇಲೆ ಒರಗಿಕೊಂಡೇ ಕಳಿಸಿರುತ್ತಾರೆ ಎಂಬುದನ್ನು ಬಿಡಿ. ಅವರ ಚಪ್ಪಾಳೆ ನನಗೆ ಬೇಡ. ನೆಲ ಎಲ್ಲರಿಗೂ ಒಂದೇ ಆಗಿತ್ತು ಅನ್ನುವುದು ಸೋಫಾದ ಜಾಹೀರಾತಿಗಿಂತ ದೊಡ್ಡ ಸುಳ್ಳು.

ಹಳೆಯ ಪಡಸಾಲಿಯಲ್ಲಿ ಗೋಡೆಗೆ ಗಾದಿ, ಗಾದಿಗೆ ಲೋಡು. ಅಲ್ಲಿ ಕೂಡುವವರು ಬೇರೆ. ಅದರ ಕೆಳಗೆ ಹಾಸಿದ ಜಮಖಾನೆಯ ಮೇಲೆ ಕೂಡುವವರು ಬೇರೆ. ಕಂಬದ ಹತ್ತಿರ ಚಾಪೆ, ಬಾಗಿಲ ಹತ್ತಿರ ಬರೀ ನೆಲ, ಹೊರಗೆ ಕಟ್ಟೆ, ಕಟ್ಟೆಯ ಕೆಳಗೆ ಅಂಗಳ. ಒಬ್ಬ ಮನುಷ್ಯ ಎಲ್ಲಿ ಕೂತಿದ್ದಾನೆಂದು ನೋಡಿದರೆ ಅವನ ಜಾತಿ, ಹೊಲ, ಸಾಲ ಎಲ್ಲ ಹೇಳಬಹುದಿತ್ತು. ಆ ಮನೆಯ ಹೆಣ್ಣುಮಕ್ಕಳು ಬಾಗಿಲ ಸಂದಿಯಲ್ಲಿ ನಿಂತಿರುತ್ತಿದ್ದರು. ಅಂಬೇಡ್ಕರರು ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ತಮ್ಮ ಶಾಲೆಯ ದಿನಗಳನ್ನು ಬರೆದಿದ್ದಾರೆ. ತರಗತಿಯ ಮೂಲೆಯಲ್ಲಿ ಒಬ್ಬರೇ ಕೂಡಬೇಕು. ಕೂಡಲು ಬೇರೆಯದೇ ಗೋಣಿತಟ್ಟು. ಶಾಲೆ ಗುಡಿಸುವ ಆಳು ಅದನ್ನು ಮುಟ್ಟುವುದಿಲ್ಲ. ಹಾಗಾಗಿ ದಿನಾ ಸಂಜೆ ಮನೆಗೆ ಹೊತ್ತು, ಬೆಳಗ್ಗೆ ಮತ್ತೆ ತರಬೇಕು. ಆ ಹುಡುಗ ಕೂತದ್ದೂ ನೆಲದ ಮೇಲೆಯೇ. ನೆಲದ ಸಂಸ್ಕೃತಿಯ ಹಾಡು ಹಾಡುವವರು ಆ ಗೋಣಿತಟ್ಟನ್ನು ಒಂದು ಸಲ ನೆನೆಸಿಕೊಳ್ಳಬೇಕು. ಕೇರಿಯ ಮನೆಯೊಂದಕ್ಕೆ ಮೊದಲ ಸಲ ಸೋಫಾ ಬಂದಾಗ, ಅದರ ಮೇಲೆ ಪ್ಲಾಸ್ಟಿಕ್ ಹಾಳೆಯನ್ನೂ ತೆಗೆಯದೆ ಮನೆಮಂದಿಯೆಲ್ಲ ಸಾಲಾಗಿ ಕೂತು ಫೋಟೋ ತೆಗೆಸಿಕೊಂಡರೆ, ಅದನ್ನು ಗ್ರಾಹಕ ಸಂಸ್ಕೃತಿ ಎಂದು ಅಣಕಿಸುವ ಹಕ್ಕು ತಲೆಮಾರುಗಟ್ಟಲೆ ಲೋಡಿಗೆ ಒರಗಿದವರಿಗೆ ಇಲ್ಲ.

ಜಮಖಾನೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ನವಲಗುಂದ ಹುಬ್ಬಳ್ಳಿಯಿಂದ ಒಂದು ತಾಸಿನ ದಾರಿ. ಅಲ್ಲಿಯ ಜಮಖಾನೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ನೇಯುವವರು ಮುಸ್ಲಿಂ ಹೆಣ್ಣುಮಕ್ಕಳು. ನೆಟ್ಟಗೆ ನಿಂತ ಮಗ್ಗದ ಮುಂದೆ ಕೂತು, ಎಳೆ ಎಳೆ ಎಣಿಸಿ, ನವಿಲು ಹೂವು ಮೂಡಿಸುತ್ತಾರೆ. ಆ ಜಮಖಾನೆ ಯಾರ ಪಡಸಾಲಿಯಲ್ಲಿ ಹಾಸಿತ್ತೋ ಆ ಪಡಸಾಲಿಯಲ್ಲಿ ಕೂಡಲು ನೇಯ್ದವಳನ್ನು ಎಷ್ಟು ಮನೆಯವರು ಕರೆದಿದ್ದರು? ಆಸನ ಮಾಡುವವರಿಗೂ ಆಸನದಲ್ಲಿ ಕೂಡುವವರಿಗೂ ನಡುವಿನ ಈ ಗೋಡೆ ಫೋಮಿನೊಂದಿಗೆ ಬಂದದ್ದಲ್ಲ. ಹೊರದೇಶದಲ್ಲೂ ಅದೇ ಕತೆ. 1927ರಲ್ಲಿ ಶಾರ್ಲೊಟ್ ಪೆರಿಯಾಂ ಎಂಬ ಹುಡುಗಿ ಪ್ಯಾರಿಸ್ಸಿನ ಪ್ರಸಿದ್ಧ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಹತ್ತಿರ ಕೆಲಸ ಕೇಳಲು ಹೋದಾಗ, ಇಲ್ಲಿ ನಾವು ದಿಂಬಿಗೆ ಕಸೂತಿ ಹಾಕುವುದಿಲ್ಲ ಎಂದು ಆತ ವಾಪಸ್ ಕಳಿಸಿದ್ದ. ಮರುವರ್ಷ ಅದೇ ಕಚೇರಿಯಿಂದ ಹೊರಬಿದ್ದ, ‘ಗ್ರಾಂ ಕೊಂಫೋರ್’ ಎಂದರೆ ‘ಮಹಾ ಆರಾಮ’ ಎಂಬ ಹೆಸರಿನ ದಪ್ಪ ದಿಂಬಿನ ಕುರ್ಚಿಯಲ್ಲಿ ಆಕೆಯ ಕೈಯಿತ್ತು. ಬಹಳ ಕಾಲ ಲೋಕ ಹೇಳಿದ್ದು ಆತನ ಹೆಸರೊಂದನ್ನೇ.

‘ಸೋಫಾ’ ಶಬ್ದದ ಬೇರು ಅರಬ್ಬಿಯ ‘ಸುಫ್ಫಾ’. ಎತ್ತರಿಸಿದ ಕಟ್ಟೆ, ಜಗಲಿ ಎಂದು ಅದರ ಅರ್ಥ. ಮದೀನಾದ ಪ್ರವಾದಿಯವರ ಮಸೀದಿಗೆ ಹೊಂದಿದ್ದ ನೆರಳಿನ ಜಗಲಿಗೂ ಅದೇ ಹೆಸರು. ಮನೆಮಠವಿಲ್ಲದ ಬಡವರು ಅಲ್ಲಿ ತಂಗುತ್ತಿದ್ದರು. ಮನೆ ಇಲ್ಲದವರು ಮೈ ಚಾಚುತ್ತಿದ್ದ ಜಾಗದ ಹೆಸರು ಇವತ್ತು ಮನೆ ಇದ್ದವರು ಬೇರೆಯವರು ಮುಟ್ಟದಂತೆ ಕಾಯುವ ವಸ್ತುವಿನ ಹೆಸರಾಗಿದೆ. ‘ದಿವಾನ’ ಇನ್ನೊಂದು. ಮೊದಲು ಲೆಕ್ಕದ ಪುಸ್ತಕ, ಆಮೇಲೆ ದರ್ಬಾರು, ಆಮೇಲೆ ದರ್ಬಾರಿನ ಗೋಡೆಗುಂಟ ಹಾಕಿದ ಮೆತ್ತೆಯ ಆಸನ. ಕನ್ನಡದಲ್ಲೂ ನೋಡಿ: ಗಾದಿ, ಗದ್ದುಗೆ, ಪೀಠ, ಕುರ್ಚಿ. ಕೂಡುವ ವಸ್ತುವಿನ ಹೆಸರೆಲ್ಲ ಆಳುವವರ ಹೆಸರೂ ಹೌದು. ‘ಕುರ್ಚಿ ಕಾದಾಟ’ ಅಂದರೆ ಯಾರೂ ಮರದ ಸಾಮಾನಿನ ಜಗಳ ಎಂದುಕೊಳ್ಳುವುದಿಲ್ಲ.

ನಮ್ಮ ಸಂಶೋಧನೆಯ ಲೋಕದಲ್ಲೂ ಇದನ್ನು ದಿನಾ ನೋಡುತ್ತೇನೆ. ಅಧ್ಯಾಯದ ಪ್ರತಿ ಹಿಡಿದು ಮಾರ್ಗದರ್ಶಕರ ಕೋಣೆಗೆ ಹೋದವರ ಎದುರಿಗೆ ಎರಡು ಖಾಲಿ ಕುರ್ಚಿ ಇರುತ್ತವೆ. ‘ಕೂಡು’ ಎಂಬ ಮಾತು ಬರುವ ತನಕ ಅವು ಬರೀ ಮರದ ಸಾಮಾನು. ಸಮಾನತೆಯ ಬಗ್ಗೆ ಬರೆದ ಇಪ್ಪತ್ತು ಪುಟಗಳನ್ನು ನಲವತ್ತು ನಿಮಿಷ ನಿಂತುಕೊಂಡೇ ತಿದ್ದಿಸಿಕೊಂಡು ಹೊರಬಂದವರು ನನ್ನ ಗೆಳೆಯರಲ್ಲಿ ಒಬ್ಬರಲ್ಲ, ಇಬ್ಬರಲ್ಲ. ಯಾವ ವಿಭಾಗ, ಯಾವ ವಿಶ್ವವಿದ್ಯಾಲಯ ಎಂದು ಕೇಳಬೇಡಿ. ಈ ರಿವಾಜು ಒಂದು ಊರಿನದ್ದಲ್ಲ.

ಈಗ ಆ ಸೋಫಾ ಮಾರುವ ಅಂಗಡಿಗೇ ಬನ್ನಿ. ಊರಿನ ಒಂದು ದೊಡ್ಡ ಮಳಿಗೆ. ಮೂರು ಮಹಡಿ, ನೂರಾರು ಆಸನ. ಗೆಳತಿಯ ಅಣ್ಣನ ಹೊಸ ಮನೆಗೆಂದು ನಾವು ನಾಲ್ವರು ಹೋಗಿ, ಒಂದರಿಂದ ಇನ್ನೊಂದಕ್ಕೆ ಹಾರಿ ಕೂತು, ಒರಗಿ, ಪುಟಿದು ನೋಡುತ್ತಿದ್ದೆವು. ನಮಗೆ ತೋರಿಸುತ್ತಿದ್ದ ಹುಡುಗಿಗೆ ಇಪ್ಪತ್ತೆರಡರ ವಯಸ್ಸಿರಬಹುದು. ಫೋಮಿನ ಸಾಂದ್ರತೆ, ಸ್ಪ್ರಿಂಗು, ಬೆನ್ನಿನ ಕೋನ ಎಲ್ಲವನ್ನೂ ಬಾಯಿಪಾಠ ಒಪ್ಪಿಸಿದಳು. ನೀ ಎಲ್ಲಿ ಕೂಡತಿ ಅಂದಾಗ ದನಿ ತಗ್ಗಿಸಿದಳು: ‘ಕೂಡೂ ಹಂಗಿಲ್ಲ ಅಕ್ಕಾರ. ಗಿರಾಕಿ ಇಲ್ಲಂದ್ರೂ ನಿಂತಿರಬೇಕ. ಕ್ಯಾಮೆರಾ ಅದಾವ.’ ಮುಂಜಾನೆ ಹತ್ತರಿಂದ ರಾತ್ರಿ ಎಂಟೂವರೆ. ಮಧ್ಯಾಹ್ನ ಊಟದ ಅರ್ಧ ತಾಸು ಗೋದಾಮಿನಲ್ಲಿ, ರಟ್ಟಿನ ಮೇಲೆ ಕೂಡುತ್ತಾರಂತೆ. ನೂರು ಸೋಫಾದ ನಡುವೆ ಹತ್ತು ತಾಸು ನಿಲ್ಲುವ ಹುಡುಗಿ ನಮಗೆ ಕಂಫರ್ಟ್ ಎಂದರೇನೆಂದು ವಿವರಿಸುತ್ತಿದ್ದಾಳೆ! ಇದಕ್ಕಿಂತ ಕ್ರೂರವಾದ ಹಾಸ್ಯ ನಮ್ಮ ಪೇಟೆಯಲ್ಲಿ ಇನ್ನೊಂದಿರಲಾರದು.

ಇದು ಆ ಒಂದು ಮಳಿಗೆಯ ದೋಷವಾಗಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ಸೀರೆ ಅಂಗಡಿ, ಚಿನ್ನದ ಅಂಗಡಿ, ಮಾಲ್ ಎಲ್ಲ ಕಡೆಯೂ ನಿಂತಿರುವುದೇ ಮರ್ಯಾದೆ, ಕೂತರೆ ಸೋಮಾರಿ. ‘ಕೂತು ಉಂಡರೆ ಕುಡಿಕೆ ಹೊನ್ನು ಸಾಲದು’ ಎಂಬ ಗಾದೆಯನ್ನು ಕೂತವರೇ ನಿಂತವರಿಗೆ ಹೇಳುತ್ತ ಬಂದಿದ್ದಾರೆ. ಈ ಪ್ರಶ್ನೆ ಹೊಸದೂ ಅಲ್ಲ. ಇಂಗ್ಲೆಂಡಿನಲ್ಲಿ 1899ರಲ್ಲೇ ಅಂಗಡಿಯ ಹೆಣ್ಣುಮಕ್ಕಳಿಗೆ ಆಸನ ಕೊಡಬೇಕೆಂಬ ಕಾಯ್ದೆ ಬಂತು. ಮೂವರು ಕೆಲಸದವರಿಗೆ ಕಡಿಮೆಯೆಂದರೆ ಒಂದು ಆಸನ. ನಮ್ಮ 1948ರ ಕಾರ್ಖಾನೆ ಕಾಯ್ದೆಯ 44ನೆಯ ಕಲಮಿನಲ್ಲಿ, ನಿಂತು ದುಡಿಯಬೇಕಾದ ಕಾರ್ಮಿಕರಿಗೆ ಬಿಡುವು ಸಿಕ್ಕಾಗ ಕೂಡಲು ವ್ಯವಸ್ಥೆ ಇರಬೇಕೆಂದಿತ್ತು. ಆದರೆ ಅಂಗಡಿ ಕಾರ್ಖಾನೆಯಲ್ಲ. ಪಕ್ಕದ ಕೇರಳದಲ್ಲಿ ಕೋಯಿಕ್ಕೋಡಿನ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ಪಿ. ವಿಜಿ ಎಂಬ ದರ್ಜಿಯ ಜೊತೆ ಸೇರಿ ‘ಪೆಣ್‌ಕೂಟ್ಟು’ ಸಂಘ ಕಟ್ಟಿಕೊಂಡರು. ಮೊದಲು ಶೌಚಾಲಯಕ್ಕಾಗಿ, ಆಮೇಲೆ ಕೂಡುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. ‘ಕೂಡಬೇಕೆಂದರೆ ಮನೆಯಲ್ಲೇ ಇರಿ’ ಎಂಬ ಮಾತಿಗೆ ಬಗ್ಗಲಿಲ್ಲ. 2018ರಲ್ಲಿ ಕೇರಳದ ಅಂಗಡಿ ಕಾಯ್ದೆಗೆ ತಿದ್ದುಪಡಿ ಬಂತು. 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು. ಆ ಹೋರಾಟ ಕೇಳಿದ್ದು ಸೋಫಾ ಅಲ್ಲ, ಒಂದು ಸ್ಟೂಲು. ಅಷ್ಟು ಸಣ್ಣ ವಸ್ತುವಿಗೆ ಒಂದು ಸರ್ಕಾರ ಕಾನೂನು ತಿದ್ದಬೇಕಾಯಿತು ಅಂದರೆ ಕೂಡುವುದು ಎಷ್ಟು ದೊಡ್ಡ ಸಂಗತಿಯೆಂದು ತಿಳಿಯಿರಿ.

ಮನೆ ಬಿಟ್ಟು, ಅಂಗಡಿ ಬಿಟ್ಟು ಊರಿಗೆ ಬನ್ನಿ. 2023ರ ಮಾರ್ಚ್ 12ರಂದು ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮಿ ರೈಲು ನಿಲ್ದಾಣದಲ್ಲಿ ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮ್ ಉದ್ಘಾಟನೆಯಾಯಿತು. 1507 ಮೀಟರ್, ಒಂದೂವರೆ ಕಿಲೋಮೀಟರ್. ಹೆಮ್ಮೆಯ ಮಾತೇ. ಆದರೆ ರಾತ್ರಿ ರೈಲಿಗೆ ಕಾಯುವ ಕುಟುಂಬಗಳನ್ನು ನೋಡಿ. ಅಷ್ಟುದ್ದ ನಡೆದವರು ಕೊನೆಗೆ ಟವೆಲ್ ಹಾಸಿ ನೆಲಕ್ಕೇ ಕೂಡುತ್ತಾರೆ, ಚೀಲವೇ ಲೋಡು. ಉದ್ದದ ದಾಖಲೆಗೆ ಪ್ರಶಸ್ತಿ ಇದೆ, ಕೂಡಿಸಿದ ದಾಖಲೆಗೆ ಇಲ್ಲ. ನಮ್ಮ ಭಾಷೆಯೇ ಅದನ್ನು ‘ನಿಲ್ದಾಣ’ ಅನ್ನುತ್ತದೆ, ನಿಲ್ಲುವ ತಾಣ. ನಾವು ಅದನ್ನು ಅಕ್ಷರಶಃ ಪಾಲಿಸುತ್ತಿದ್ದೇವೆ. ವಿದ್ಯಾನಗರದಲ್ಲಿ ವೈದ್ಯಕೀಯ ಕಾಲೇಜಿನ ದೊಡ್ಡಾಸ್ಪತ್ರೆ ಇದೆ. ಸುತ್ತಲಿನ ಜಿಲ್ಲೆಗಳಿಂದ ರೋಗಿಗಳು ಬರುತ್ತಾರೆ. ಅವರ ಜೊತೆ ಬಂದವರು ಆಸ್ಪತ್ರೆಯ ಸುತ್ತಲಿನ ರಸ್ತೆಗಳಲ್ಲಿ ಕೂಡಲು ನೆರಳು ಹುಡುಕುತ್ತ ನಮ್ಮ ಕಾಲೊನಿಯ ಗೇಟುಗಳ ಮುಂದಿನ ಕಟ್ಟೆಗೆ ಬಂದರೆ, ‘ಇಲ್ಲಿ ಕೂಡಬೇಡಿ’ ಎಂಬ ಬೋರ್ಡು. ಕೆಲವರು ಕಟ್ಟೆಯ ಮೇಲೆ ಗಾಜಿನ ಚೂರು ನೆಟ್ಟಿದ್ದಾರೆ. ಒಳಗೆ ಹತ್ತು ಜನ ಕೂಡುವ ಸೋಫಾ ಖಾಲಿ ಇದೆ. ಹೊರಗಿನ ಕಟ್ಟೆಯ ಮೇಲೆ ಒಬ್ಬ ಕೂಡದಂತೆ ಗಾಜು. ಈ ಎರಡನ್ನೂ ಮಾಡಿಸಿದವರು ಒಬ್ಬರೇ.

ಇದನ್ನು ಓದಿ ‘ಹಾಗಾದರೆ ಏನು ಮಾಡೋಣ, ಸೋಫಾ ಮಾರಿಬಿಡೋಣವೇ’ ಎಂದು ಕೇಳುವವರಿಗೆ: ಬೇಡ, ಇಟ್ಟುಕೊಳ್ಳಿ. ಅದರ ಮೇಲಿನ ಚಾದರ ತೆಗೆಯಿರಿ. ನಿಮ್ಮ ಮಕ್ಕಳಿಗಿಂತ ನೆಂಟರ ಕಣ್ಣು ದೊಡ್ಡದಲ್ಲ. ಕೆಳಗಿನ ಕ್ಲಿಪ್ ಬಿಚ್ಚಿ. ಅಂಥದೊಂದು ಇದೆಯೆಂದು ಮನೆಯ ಎಷ್ಟೋ ಜನಕ್ಕೆ ಗೊತ್ತಿರಲಿಕ್ಕಿಲ್ಲ. ಒಂದು ತುಂಡನ್ನು ಅಡುಗೆಮನೆಯ ಬಾಗಿಲಿಗೆ ಎಳೆಯಿರಿ, ಒಂದನ್ನು ಅಜ್ಜಿಯ ಕಿಟಕಿಗೆ. ಉದ್ದನೆಯ ಮೂಲೆಗೆ ಪಾಳಿ ಹಚ್ಚಿ. ಮನೆಗೆಲಸದ ಆ ಮೂರು ತಾಸನ್ನು ಹಂಚಿಕೊಳ್ಳಿ, ಇಲ್ಲವಾದರೆ ಪಾಳಿ ಬಂದರೂ ಕೂಡಲು ಅವಳಿಗೆ ಪುರಸೊತ್ತಿರುವುದಿಲ್ಲ. ಕೆಲಸಕ್ಕೆ ಬರುವ ಅಕ್ಕನಿಗೆ ಚಹಾ ಕೊಡುವಾಗ ಬಾಯಿಬಿಟ್ಟು ‘ಬರ್ರಿ, ಕೂಡ್ರಿ’ ಅನ್ನಿ. ಆಕೆ ಮೊದಲ ದಿನ ಕೂಡಲಿಕ್ಕಿಲ್ಲ, ತಿಂಗಳಾದರೂ ಕೂಡಲಿಕ್ಕಿಲ್ಲ. ತಲೆಮಾರುಗಳಿಂದ ಎಬ್ಬಿಸಿಕೊಂಡ ಮೈ ಒಂದು ಮಾತಿಗೆ ನಂಬುವುದಿಲ್ಲ. ಅನ್ನುತ್ತ ಇರಿ. ಗೇಟಿನ ಕಟ್ಟೆಯ ಗಾಜು ಕೀಳಿಸಿ.

ದೀಪಾವಳಿಗೆ ಕೊಳ್ಳಲು ಹೊರಟಿದ್ದರೆ ಅಂಗಡಿಯಲ್ಲಿ ಫೋಮಿನ ಸಾಂದ್ರತೆ ಕೇಳುವ ಮುಂಚೆ, ಬಟ್ಟೆಯ ಬಣ್ಣ ಕೇಳುವ ಮುಂಚೆ, ತೋರಿಸಲು ಬಂದ ಹುಡುಗಿ ದಿನಾ ಎಲ್ಲಿ ಕೂಡುತ್ತಾಳೆ ಎಂದು ಮಾಲೀಕರನ್ನೇ ಕೇಳಿ. ಆಕೆಯನ್ನು ಕೇಳಿದರೆ ಆಕೆಗೆ ಕಷ್ಟ. ಮಾಲೀಕರನ್ನು ಕೇಳಿ, ಜೋರಾಗಿ ಕೇಳಿ. ಕಾಯ್ದೆ ಏನು ಹೇಳುತ್ತದೆ ಅನ್ನುವುದು ಆಮೇಲಿನ ಮಾತು. ಗಿರಾಕಿಯ ಮಾತಿಗೆ ಪೇಟೆಯಲ್ಲಿ ಕಿಮ್ಮತ್ತಿದೆ. ಹತ್ತು ಗಿರಾಕಿಗಳು ಕೇಳಿದ ಅಂಗಡಿಯಲ್ಲಿ ಹನ್ನೊಂದನೆಯವರು ಹೋಗುವಷ್ಟರಲ್ಲಿ ಒಂದು ಸ್ಟೂಲು ಬಂದಿರುತ್ತದೆ.